ಶ್ರುತಿ ನಿಲ್ಲಿಸದ ಚಲುವಯ್ಯ

ಚಲುವಯ್ಯನ ಕೆಲಸ ಏನು ಅಂತ ಕೇಳಿದರೆ ಹುಣಸನಕಟ್ಟೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. "ಬಾಟ್ಲಿ ಫ್ಯಾಕ್ಟ್ರೀಲವ್ನೆ" ಎನ್ನುವವರು ಹೊಸಬರು. "ಓಲಗದೋರ ಜೊತೆ ಹೋಯ್ತಿದ್ದ" ಎನ್ನುವವರು ಹಳಬರು. ಓಲಗದಲ್ಲಿ ಏನು ನುಡಿಸುತ್ತಿದ್ದ ಎಂದು ಇನ್ನೊಂದು ಪ್ರಶ್ನೆ ಹಾಕಿದರೆ ಹಳಬರೂ ಒಂದು ಗಳಿಗೆ ತಲೆ ಕೆರೆದುಕೊಳ್ಳಬೇಕಾಗುತ್ತಿತ್ತು. ನಾಗಸ್ವರ ದೊಡ್ಡಹನುಮಯ್ಯನದು, ಡೋಲು ಅವನ ತಮ್ಮನದು, ತಾಳ ಆ ದಿನ ಯಾರು ಸಿಕ್ಕಿದರೋ ಅವರದು. ಚಲುವಯ್ಯ ಇವರೆಲ್ಲರ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ಕೂತು, ಶ್ರುತಿಪೆಟ್ಟಿಗೆ ಒತ್ತುತ್ತಿದ್ದ.

ಶ್ರುತಿಯವನ ಪಾಡೇ ಅಷ್ಟು. ಅವನು ಸರಿಯಾಗಿ ಒತ್ತುವಷ್ಟು ಹೊತ್ತು ಯಾರಿಗೂ ಕೇಳಿಸುವುದಿಲ್ಲ. ಕೈ ತಪ್ಪಿದಾಗ ಮಾತ್ರ ಛತ್ರದ ಜನವೆಲ್ಲ ತಿರುಗಿ ನೋಡುತ್ತದೆ. ಇಪ್ಪತ್ತು ಚಿಲ್ಲರೆ ವರ್ಷ ಚಲುವಯ್ಯನನ್ನು ಯಾರೂ ತಿರುಗಿ ನೋಡಲಿಲ್ಲ ಎಂದರೆ ಅವನು ಎಂಥ ಕೆಲಸಗಾರ ಎಂದು ತಿಳಿದವರು ತಿಳಿದುಕೊಳ್ಳಬಹುದು. ಮದುವೆಯ ವಿಡಿಯೋದಲ್ಲೂ ಅವನಿಲ್ಲ. ಕ್ಯಾಮೆರಾದವನು ದೊಡ್ಡಹನುಮಯ್ಯನ ಉಬ್ಬಿದ ಕೆನ್ನೆ ಹಿಡಿಯುತ್ತಿದ್ದ, ಡೋಲಿನ ಕಡ್ಡಿ ಹಿಡಿಯುತ್ತಿದ್ದ, ಅಲ್ಲಿಂದ ಸೀದಾ ಹೆಣ್ಣಿನ ಒಡವೆಗೆ ಹೋಗುತ್ತಿದ್ದ. ಚಲುವಯ್ಯನ ಹೆಂಡತಿ ಅಂಕಮ್ಮ ಒಮ್ಮೆ ಯಾರದೋ ಮನೆಯಲ್ಲಿ ಅಂಥದೊಂದು ಕ್ಯಾಸೆಟ್ಟನ್ನು ಮೊದಲಿನಿಂದ ಕೊನೆಯ ತನಕ ನೋಡಿ ಬಂದು, "ನೀನು ಮದ್ವೆಗೋಗಿದ್ದು ನಿಜ ತಾನೆ?" ಎಂದು ಕೇಳಿದ್ದಳು. ಅವಳಿಗೆ ಅದು ತಮಾಷೆ. ಆ ಕಾಲದಲ್ಲಿ ಅವನಿಗೂ ತಮಾಷೆಯೇ.

ದೊಡ್ಡಹನುಮಯ್ಯನ ಮೇಳದಲ್ಲಿ ಒಂದು ಕಟ್ಟಳೆ ಇತ್ತು. ನಾಗಸ್ವರ ಬಾಯಿಂದ ಇಳಿದರೂ, ಡೋಲು ನಿಂತರೂ ಅಲ್ಲಿಗೆ ಮುಗಿಯಿತು ಅಂತ ಅಲ್ಲ. ಯಜಮಾನ ವಾದ್ಯವನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಳ್ಳಬೇಕು. ಶ್ರುತಿ ನಿಲ್ಲುವುದು ಅದಾದ ಮೇಲೆ. "ಸುರ್ತಿ ಮೊದ್ಲು ಬರ್ಬೇಕು, ಕೊನೇಲಿ ಹೋಗ್ಬೇಕು. ನಾನು ಕಣ್ಗೊತ್ಕಳೋಗಂಟ ನಿನ್ ಕೈ ನಿಲ್ಕೂಡ್ದು ಕಣ್ಲಾ ಚಲುವ" ಎಂದು ಯಜಮಾನ ಮೊದಲ ದಿನವೇ ಹೇಳಿದ್ದ. ಚಲುವಯ್ಯ ಅದನ್ನು ಮತ್ತೆ ಹೇಳಿಸಿಕೊಳ್ಳಲಿಲ್ಲ.

ಮಾಗಡಿಯ ಒಂದು ಮದುವೆಯಲ್ಲಿ ಗಂಡಿನ ಕಡೆಯವರಿಗೆ ಮೊದಲ ಪಂಕ್ತಿಯಲ್ಲಿ ಎಲೆ ಸಿಗಲಿಲ್ಲ ಎಂದು ಜಗಳ ಹತ್ತಿತು. ಕುರ್ಚಿ ಹಾರಿದವು. ನಾಲ್ಕು ಜನಕ್ಕೆ ಬೇಕಾದವನಾದ ದೊಡ್ಡಹನುಮಯ್ಯ ನಾಗಸ್ವರವನ್ನು ಚಾಪೆಯ ಮೇಲಿಟ್ಟು ಬಿಡಿಸಲು ಓಡಿದ. ಡೋಲಿನವನು ನೋಡಲು ಓಡಿದ. ಜಗಳ ಮುಗಿದು, ರಾಜಿಯಾಗಿ, ಸಿಟ್ಟಾದವರೆಲ್ಲ ಉಂಡು ಎಲೆಯಡಿಕೆ ಹಾಕಿಕೊಂಡು ಬಂದರೆ ವಾದ್ಯದ ಜಾಗದಲ್ಲಿ ಚಲುವಯ್ಯ ಒಬ್ಬನೇ ಕೂತಿದ್ದಾನೆ, ಶ್ರುತಿ ಹೋಗುತ್ತಲೇ ಇದೆ. ದೊಡ್ಡಹನುಮಯ್ಯ ಅವನನ್ನು ನೋಡಿದ. ಬಂದು ಕೂತು, ನಾಗಸ್ವರ ಎತ್ತಿ ಕಣ್ಣಿಗೆ ಒತ್ತಿಕೊಂಡ. ಆಗ ಚಲುವಯ್ಯನ ಕೈ ನಿಂತಿತು. ಆಮೇಲೆ ಬಹಳ ದಿನ ಈ ಕತೆ ಮನೆಯಲ್ಲಿ ಓಡಿತು. ಅವನ ಮಗಳು ಅಮೂಲ್ಯ ಚಿಕ್ಕವಳಿದ್ದಾಗ ಅನ್ನ ಉಣ್ಣದೆ ಹಟ ಮಾಡಿದರೆ ಅಂಕಮ್ಮ ಈ ಕತೆ ಹೇಳಿಯೇ ಉಣ್ಣಿಸುತ್ತಿದ್ದಳು.

ದೊಡ್ಡಹನುಮಯ್ಯ ಮಂಡಿ ನೋವು ಅಂತ ಒಂದು ಮದುವೆ ತಪ್ಪಿಸಿದ, ಎದೆ ನೋವು ಅಂತ ಇನ್ನೊಂದು ತಪ್ಪಿಸಿದ, ಮಾಘ ಮಾಸದ ಲಗ್ನಗಳು ಶುರುವಾಗುವ ಹೊತ್ತಿಗೆ ತೀರಿಕೊಂಡ. ಮೇಳ ಅವನ ಮಗ ಮಹೇಂದ್ರನ ಕೈಗೆ ಬಂತು. ಮಹೇಂದ್ರ ಕೆಟ್ಟವನಲ್ಲ. ಬೆಂಗಳೂರಿಂದ ಒಂದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದ, ಅಷ್ಟೇ. ಗುಂಡಿ ಒತ್ತಿದರೆ ತಾನೇ ನುಡಿಯುತ್ತದೆ, ಊಟ ಕೇಳುವುದಿಲ್ಲ, ವ್ಯಾನಿನಲ್ಲಿ ಜಾಗ ಕೇಳುವುದಿಲ್ಲ. ಆ ವರ್ಷದ ಮೊದಲ ಲಗ್ನದ ದಿನ ಚಲುವಯ್ಯ ಒಗೆದ ಪಂಚೆ ಉಟ್ಟು, ಪೆಟ್ಟಿಗೆ ಒರೆಸಿಟ್ಟುಕೊಂಡು, ಜಗಲಿಯ ಮೇಲೆ ವ್ಯಾನಿಗೆ ಕಾಯುತ್ತ ಕೂತ. ವ್ಯಾನು ಊರೊಳಗೆ ಬರದೆ ಮೇನ್ ರೋಡಿನಿಂದಲೇ ಹೋಯಿತು. ಬಾ ಅಂತ ಯಾರೂ ಕರೆಯಲಿಲ್ಲ, ಬರಬೇಡ ಅಂತಲೂ ಹೇಳಲಿಲ್ಲ. ಅದು ಅವನಿಗೆ ಆದ ಅವಮಾನ ಎಂದು ಅಂಕಮ್ಮ ಕುದಿದಳು. ಅವನು ಮಾತ್ರ ಇನ್ನೂ ಮೂರ್ನಾಲ್ಕು ಲಗ್ನಗಳಿಗೆ ಹಾಗೇ ಪಂಚೆ ಉಟ್ಟು ಕೂತ. ಕೊನೆಗೆ ಪೆಟ್ಟಿಗೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ.

ಅಷ್ಟು ಹೊತ್ತಿಗೆ ಮೈಸೂರು ರಸ್ತೆಯ ಎರಡೂ ಮಗ್ಗುಲಿಗೆ ಬಿಡದಿ ತನಕ ಫ್ಯಾಕ್ಟರಿಗಳು ಎದ್ದಿದ್ದವು. ರಾಗಿ ಹೊಲಕ್ಕೆ ಕಾಂಪೌಂಡು ಬಂದು, ಕಾಂಪೌಂಡಿಗೆ ಗೇಟು ಬಂದು, ಗೇಟಿನೊಳಕ್ಕೆ ಊರೂರಿನ ಜನರನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಚಲುವಯ್ಯನೂ ಕಂಟ್ರಾಕ್ಟಿನ ಮೇಲೆ ಪ್ಲಾಸ್ಟಿಕ್ ಬಾಟಲಿಯ ಫ್ಯಾಕ್ಟರಿಗೆ ಸೇರಿದ. ಬೆಲ್ಟಿನ ಮೇಲೆ ಬಾಟಲಿ ಬರುತ್ತವೆ. ಸೊಟ್ಟಗಿದ್ದದ್ದನ್ನು ಎತ್ತಿ ಬಲಗಡೆಯ ಡಬ್ಬಕ್ಕೆ ಹಾಕಬೇಕು. ಡಬ್ಬ ತುಂಬಿದರೆ ಹೊತ್ತು ಆಚೆಗಿಡಬೇಕು. ಬಂದ ಬಾಟಲಿಯ ಹಿಂದೆ ಅದೇ ಬಾಟಲಿ ಬರುತ್ತದೆ. ಮೊದಮೊದಲು ಮನೆಗೆ ಬಂದು ಕಣ್ಣು ಮುಚ್ಚಿದರೂ ಬಾಟಲಿಗಳೇ ಸಾಲಾಗಿ ಹೋಗುತ್ತಿದ್ದವು. ಆಮೇಲೆ ಅದೂ ನಿಂತು ಬರೀ ಆಯಾಸ ಉಳಿಯಿತು. ಡಬ್ಬ ಹೊತ್ತು ಹೊತ್ತು ಬಲಭುಜ ಹಿಡಿದುಕೊಂಡಿತ್ತು. ಅಂಕಮ್ಮ ರೇಷ್ಮೆ ನೂಲು ತೆಗೆಯುವ ಕಡೆ ಕೂಲಿಗೆ ಹೋಗುತ್ತಿದ್ದಳು. ದಿನವೆಲ್ಲ ಬಿಸಿನೀರಲ್ಲಿ ಗೂಡು ಕಲಕಿ ಬೆಳ್ಳಗೆ ನೆನೆದುಹೋದ ಬೆರಳುಗಳಲ್ಲೇ ಸಂಜೆ ಅವನ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಮಾತಾಡುವಷ್ಟು ಜೀವ ಇಬ್ಬರಲ್ಲೂ ಉಳಿದಿರುತ್ತಿರಲಿಲ್ಲ.

ಇಂಥ ಮನೆಯಲ್ಲಿ ಅಮೂಲ್ಯ ವೀಣೆ ಕಲಿತಳು. ಯಾಕೆ ವೀಣೆ ಎಂದರೆ, ರಾಮನಗರದ ಸಂಗೀತ ಶಾಲೆಯವರು ಪಿಯುಸಿ ಆದವರಿಗೆ ಡಿಪ್ಲೊಮಾ ತೆರೆದಾಗ ಕೊಳಲಿಗೂ ಪಿಟೀಲಿಗೂ ಜನ ತುಂಬಿಹೋಗಿ, ಶಾಲೆಯದೇ ಒಂದು ಹಳೇ ವೀಣೆ ಮಾತ್ರ ಯಾರೂ ಕೇಳದೆ ಉಳಿದಿತ್ತು. ಸಿಕ್ಕಿದ್ದನ್ನು ಅವಳು ಬಿಡಲಿಲ್ಲ. ಬೆರಳು ಒಡೆದು, ಗಟ್ಟಿಯಾಗಿ, ಮೂರನೇ ವರ್ಷಕ್ಕೆ ಬಂದಾಗ ಒಳ್ಳೇ ಕೈ ಎನಿಸಿಕೊಂಡಳು. ಕನಕಪುರದ ಒಂದು ವಸತಿ ಶಾಲೆಯವರು ಸಂಗೀತದ ಟೀಚರು ಬೇಕೆಂದಿದ್ದರು. ಫಸ್ಟ್ ಕ್ಲಾಸ್ ಬಂದರೆ ಕೆಲಸ ನಿನ್ನದೇ ಎಂದು ಅವಳಿಗೆ ಮಾತೂ ಕೊಟ್ಟಿದ್ದರು. ಮನೆಯಲ್ಲಿ ಮೂವರೂ ಬಾಯಿಬಿಟ್ಟು ಹೇಳದಿದ್ದರೂ ಆ ಫಸ್ಟ್ ಕ್ಲಾಸಿನ ಮೇಲೆಯೇ ದಿನ ದೂಡುತ್ತಿದ್ದರು. ಅವಳು ಕೆಲಸಕ್ಕೆ ಸೇರಿದರೆ ಅಪ್ಪ ಬೆಲ್ಟಿನ ಮುಂದೆ ನಿಲ್ಲುವುದು ತಪ್ಪುತ್ತದೆ ಎಂಬುದು ಅವಳ ಲೆಕ್ಕ. ಅವನ ಲೆಕ್ಕವೂ ಅದೇ, ಹೇಳಿಕೊಳ್ಳಲು ನಾಚಿಕೆ.

ಕೊನೆಯ ಪರೀಕ್ಷೆಗೆ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಕೃತಿ ನುಡಿಸಬೇಕಿತ್ತು. ಅದನ್ನು ಕಟ್ಟಿದವರು ಬೆಂಗಳೂರಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದ ಭಾನುಪ್ರಿಯ ಮೇಡಂ. ಹೊರದೇಶದಲ್ಲೂ ಕಲಿತು ಬಂದವರು. ಅವರ ಸಂಗೀತದಲ್ಲಿ ಆಲಾಪನೆ ಇಲ್ಲ, ಸಾಹಿತ್ಯ ಇಲ್ಲ, ತನಿ ಆವರ್ತನ ಇಲ್ಲ. ನಾಲ್ಕೈದು ಸ್ವರದ ಒಂದು ತುಂಡು. ಅದನ್ನೇ ವೀಣೆ, ಕೊಳಲು, ಎರಡು ಪಿಟೀಲು, ಖಂಜಿರ ಮತ್ತೆ ಮತ್ತೆ ನುಡಿಸುತ್ತವೆ. ನುಡಿಸುತ್ತ ನುಡಿಸುತ್ತ ಯಾರೋ ಒಬ್ಬರು ಒಂದು ಸ್ವರ ಬಿಡುತ್ತಾರೆ, ಇನ್ನೊಬ್ಬರು ಒಂದು ಸ್ವರ ಸೇರಿಸುತ್ತಾರೆ. ಕೇಳುವವನಿಗೆ ಯಾವಾಗ ಬದಲಾಯಿತು ಎಂದು ಗೊತ್ತೇ ಆಗಬಾರದು. ಮುಂದಾಳು ಅಂತ ಯಾರೂ ಇಲ್ಲ. ಕೊನೆಗೆ ಒಬ್ಬೊಬ್ಬರಾಗಿ ತಮಗೆ ಸಾಕು ಅನ್ನಿಸಿದಾಗ ನಿಲ್ಲಿಸುತ್ತ ಹೋಗಿ, ವೀಣೆಯೊಂದೇ ಉಳಿದು, ಅದರ ಕೊನೆಯ ತಂತಿ ತಾನಾಗಿ ಆರಿಹೋಗಬೇಕು. ಆರಿದ ಮೇಲೂ ಯಾರೂ ಅಲ್ಲಾಡಬಾರದು. ವೀಣೆಯವಳು ತಂತಿಯ ಮೇಲಿನ ಕೈ ತೆಗೆಯಬಾರದು. ಆ ಮೌನವೂ ಸಂಗೀತವೇ ಅನ್ನುವುದು ಮೇಡಂ ಮಾತು.

ಅಮೂಲ್ಯ ಶಾಲೆಯ ವೀಣೆಯನ್ನು ಮನೆಗೆ ತಂದು ಅಭ್ಯಾಸ ಮಾಡುವಾಗ ಅಂಕಮ್ಮ ಒಲೆ ಮುಂದೆ ಕೂತು ಬಹಳ ಹೊತ್ತು ಸಹಿಸಿಕೊಂಡಳು. ಆಮೇಲೆ ತಡೆಯಲಾರದೆ, "ಮುಂದ್ಕೋಗೇ ತಾಯಿ, ಅಲ್ಲೇ ನಿಂತ್ಬುಟ್ಟೆ" ಎಂದಳು.

"ಇರೋದೇ ಹಂಗವ್ವ."

"ಇದ್ಕೂ ಮಾರ್ಕ್ಸ್ ಕೊಟ್ಟಾರಾ?"

ಚಲುವಯ್ಯ ಗೋಡೆಗೊರಗಿ ಕಣ್ಣು ಮುಚ್ಚಿದ್ದ. ನಿಜ ಹೇಳಬೇಕೆಂದರೆ ಅವನಿಗೂ ಅದು ಹಿಡಿಸಲಿಲ್ಲ. ದೊಡ್ಡಹನುಮಯ್ಯ ಒಂದೇ ರಾಗವನ್ನು ಗಂಟೆಗಟ್ಟಲೆ ಹಿಡಿದರೂ ಬಂದ ದಾರಿಯಲ್ಲಿ ಇನ್ನೊಮ್ಮೆ ಬರುತ್ತಿರಲಿಲ್ಲ. ಇಲ್ಲಿ ನೋಡಿದರೆ ಬಂದದ್ದೇ ಬರುತ್ತಿದೆ. ಹಗಲೆಲ್ಲ ಬೆಲ್ಟಿನ ಮುಂದೆ ನೋಡಿದ್ದನ್ನು ಸಂಜೆ ಮಗಳ ಕೈಯಲ್ಲಿ ಕೇಳಬೇಕಲ್ಲ ಅಂತ ಅವನಿಗೆ ಬೇಸರವಾಯಿತು. ಆದರೆ ಮಗಳ ಓದಿನ ವಿಷಯದಲ್ಲಿ ಬಾಯಿ ಹಾಕುವಷ್ಟು ತನಗೆ ತಿಳಿಯದು ಎಂದು ಅವನು ಮೊದಲೇ ತೀರ್ಮಾನ ಮಾಡಿಕೊಂಡಿದ್ದ.

ಅವನನ್ನು ಇದರೊಳಕ್ಕೆ ಎಳೆದದ್ದು ಕರೆಂಟು. ಆ ಬೇಸಿಗೆಯಲ್ಲಿ ರಾಮನಗರದಲ್ಲಿ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಶಾಲೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಅಭ್ಯಾಸದ ನಡುವೆ ಎಷ್ಟೋ ಸಲ ಕೈಕೊಟ್ಟಿತು. ಸೆಲ್ಲು ಹಾಕಿದರೆ ದನಿ ಕ್ಷೀಣವಾಗುತ್ತಿತ್ತು. ಮೇಡಂ ಕಟ್ಟಿದ ಕೃತಿಯಲ್ಲಿ ಮಿಕ್ಕಿದ್ದು ಏನು ತಪ್ಪಿದರೂ ನಡೆಯುತ್ತದೆ, ಶ್ರುತಿ ನಡುವೆ ಹರಿಯುವ ಹಾಗಿಲ್ಲ. ಎಲ್ಲರೂ ತಲೆಮೇಲೆ ಕೈಹೊತ್ತು ಕೂತಿದ್ದಾಗ ಅಮೂಲ್ಯ, "ನಮ್ಮಪ್ಪ ಕೈಯಲ್ಲಿ ಒತ್ತೋ ಶ್ರುತಿ ಹಿಡೀತಿದ್ರು ಮೇಡಂ" ಎಂದಳು.

ಹಾಗೆ ಅಟ್ಟದಿಂದ ಪೆಟ್ಟಿಗೆ ಇಳಿಯಿತು. ಅದರ ತಿದಿಯ ಚರ್ಮವನ್ನು ಇಲಿ ತಿಂದಿತ್ತು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ರಸೂಲ್ ಚಲುವಯ್ಯನ ಹಳೇ ಸ್ನೇಹಿತ. ಅವನು ಕಡೆಯುವ ಯಂತ್ರ ನಿಲ್ಲಿಸಿ, ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತೆಳ್ಳನೆಯ ಚರ್ಮ ಅಂಟಿಸಿಕೊಟ್ಟ.

"ಏನ್ಲಾ, ತಿರ್ಗಾ ಮದ್ವೆಗೆ ಕರೆದ್ರಾ?"

"ಇಲ್ಲ ಕಣ್ಲಾ. ಮಗ್ಳು ಪರೀಕ್ಷೆಗೆ."

"ಮಗ್ಳು ಪರೀಕ್ಷೆಗೆ ನೀನ್ ಕೂರೋದಾ? ನಮ್ ಕಾಲ್ದಲ್ಲಿ ಹಿಂಗಿದ್ದಿದ್ರೆ ನಾನೂ ಪಾಸಾಯ್ತಿದ್ದೆ" ಎಂದು ರಸೂಲ್ ನಕ್ಕ. ಚಲುವಯ್ಯನೂ ನಕ್ಕ. ಅಲ್ಲೇ ಬಾಗಿಲ ಬಳಿ ಕೂತು ಒತ್ತಿ ನೋಡಿದ. ದನಿ ಎದ್ದಿತು. ಕೈಗೆ ಎಲ್ಲ ನೆನಪಿತ್ತು, ಭುಜ ಮಾತ್ರ ತಕರಾರು ತೆಗೆಯಿತು. ಅವನ ಹೆದರಿಕೆ ಅಲ್ಲಿಂದಲೇ ಶುರುವಾದದ್ದು. ನಡುವೆ ಕೈ ಸೋತು ನಿಂತುಬಿಟ್ಟರೆ ಮಗಳ ಮೂರು ವರ್ಷದ ಓದು ನನ್ನ ಭುಜದಿಂದ ಹಾಳಾಗುತ್ತದಲ್ಲ ಅನ್ನುವುದೊಂದೇ ಆಮೇಲಿನ ದಿನಗಳಲ್ಲಿ ಅವನ ತಲೆಯಲ್ಲಿ ಸುತ್ತುತ್ತಿತ್ತು.

ಎಲ್ಲರ ಜೊತೆ ಕೂತು ಅಭ್ಯಾಸ ಮಾಡಲು ಅವನಿಗೆ ಸಿಕ್ಕಿದ್ದು ಒಂದೇ ಭಾನುವಾರ. ಅವತ್ತೂ ಕೃತಿ ಕೊನೆ ಮುಟ್ಟಲಿಲ್ಲ. ಕೊಳಲಿನ ದೀಪು ಮಂಡ್ಯದ ಕಡೆಯವನು, ಅವನ ರೈಲಿಗೆ ಹೊತ್ತಾಯಿತು ಎಂದು ಮೇಡಂ ಚಪ್ಪಾಳೆ ತಟ್ಟಿ ನಡುವೆಯೇ ನಿಲ್ಲಿಸಿದರು. ಚೀಲಕ್ಕೆ ಪುಸ್ತಕ ತುಂಬಿಕೊಳ್ಳುತ್ತ ಚಲುವಯ್ಯನ ಕಡೆ ತಿರುಗಿ, "ತುಂಬಾ ಚೆನ್ನಾಗಿ ಹಿಡಿದಿದ್ದೀರಿ ಚಲುವಯ್ಯನವರೇ. ಕೊನೆಯಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಬಿಡ್ತಾರೆ. ನೀವೂ ನಿಮಗೆ ಸಾಕು ಅನ್ನಿಸಿದಾಗ ನಿಧಾನಕ್ಕೆ ಬಿಟ್ಟುಬಿಡಿ" ಎಂದರು.

ಅವನು ತಲೆಯಾಡಿಸಿದ. ಅರ್ಥವಾಗದ್ದಕ್ಕೆ ತಲೆಯಾಡಿಸುವುದು ಫ್ಯಾಕ್ಟರಿಯಲ್ಲಿ ಕಲಿತ ಬುದ್ಧಿ. ಬಸ್ಸಿನಲ್ಲಿ ಮಗಳನ್ನು ಕೇಳಿದ.

"ನಿಲ್ಸಿ ಅಂತ ಹೇಳೋರ್ಯಾರವ್ವ?"

"ಯಾರೂ ಹೇಳಲ್ಲ ಅಪ್ಪ. ನಿಂಗೆ ಸಾಕು ಅನ್ನಿಸ್ಬೇಕು, ಅಷ್ಟೇಯ."

ಮಕ್ಕಳ ಮಾತು ಹಾಗೇ ಇರುತ್ತದೆ ಎಂದುಕೊಂಡ. ಕೊನೆಗೆ ಉಳಿಯುವುದು ವೀಣೆ, ಹಾಗಾದರೆ ಯಜಮಾನಿಕೆ ವೀಣೆಯದು. ಅವಳು ಕಣ್ಣಿಗೆ ಒತ್ತಿಕೊಂಡೇ ಒತ್ತಿಕೊಳ್ಳುತ್ತಾಳೆ, ಓಲಗದವನ ಮಗಳಲ್ಲವೇ. ಇಷ್ಟನ್ನು ಅವನು ಮನಸ್ಸಿನಲ್ಲೇ ಇತ್ಯರ್ಥ ಮಾಡಿಕೊಂಡ. ಬಾಯಿಬಿಟ್ಟು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಉಸಿರಾಡುವುದು ಹೇಗೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲವಲ್ಲ, ಅವನಿಗೆ ಇದೂ ಹಾಗೇ.

ಪರೀಕ್ಷೆಯ ದಿನಕ್ಕೆ ಫ್ಯಾಕ್ಟರಿಯ ಸೂಪರ್‌ವೈಸರ್ ರಜೆ ಕೊಡಲಿಲ್ಲ. "ಬೇಕಾದ್ರೆ ಹಿಂದಿನ ಪಾಳಿ ಸೇರಿಸಿ ಮಾಡಿ ಹೋಗು" ಎಂದ. ಚಲುವಯ್ಯ ಎರಡು ಪಾಳಿ ಒಟ್ಟಿಗೆ ನಿಂತು, ಬೆಳಿಗ್ಗೆ ಫ್ಯಾಕ್ಟರಿಯ ನಲ್ಲಿಯಲ್ಲೇ ಮುಖ ತೊಳೆದು, ಚೀಲದಲ್ಲಿ ತಂದಿದ್ದ ಬಿಳಿ ಪಂಚೆ ಉಟ್ಟು ಬಿಡದಿಯಲ್ಲಿ ಬಸ್ಸು ಹತ್ತಿದ. ಅಮೂಲ್ಯ ಪೆಟ್ಟಿಗೆ ಹೊತ್ತು ಶಾಲೆಯ ಬಾಗಿಲಲ್ಲಿ ಕಾಯುತ್ತಿದ್ದಳು. ಅವನ ಕೆಂಪಾದ ಕಣ್ಣು ನೋಡಿ ಕೇಳಿದಳು.

"ನಿದ್ದೆ ಮಾಡ್ನಿಲ್ವಾ?"

"ಮಾಡ್ದೆ ಒಸಿ" ಎಂದ. ಸುಳ್ಳು ಅವನಿಗೆ ಚೆನ್ನಾಗಿ ಬರುತ್ತಿರಲಿಲ್ಲ.

ಶಾಲೆ ಇದ್ದದ್ದು ಗೂಡಿನ ಮಾರ್ಕೆಟ್ಟಿಗೆ ಹತ್ತಿರ, ಒಂದು ಅಂಗಡಿ ಸಾಲಿನ ಮಹಡಿಯಲ್ಲಿ. ಕಿಟಕಿ ತೆಗೆದರೆ ರೇಷ್ಮೆ ಗೂಡಿನ ವಾಸನೆ ಬರುತ್ತಿತ್ತು, ಹಾಕಿದರೆ ಬೆವರು. ಪರೀಕ್ಷಕರು ಮೈಸೂರಿನ ಕಡೆಯ ವಯಸ್ಸಾದ ವಿದ್ವಾಂಸರು, ಜರಿಯ ಅಂಚಿನ ಉತ್ತರೀಯ ಹೊದ್ದು ಮೊದಲ ಸಾಲಿನಲ್ಲಿ ಕೂತಿದ್ದರು. ಹಿಂದೆ ವಿದ್ಯಾರ್ಥಿಗಳ ಮನೆಯವರು. ಅಂಕಮ್ಮ ಕೂಲಿ ಬಿಟ್ಟು ಬಂದು, ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಚಲುವಯ್ಯ ಅಭ್ಯಾಸಬಲದಿಂದ ಎಲ್ಲರ ಹಿಂದೆ ಗೋಡೆಗೆ ಹೋಗಿ ಕೂತ. ಮೇಡಂ ಬಂದು, "ಹಿಂದೆ ಅಲ್ಲ, ಇಲ್ಲಿ, ನಡುವೆ" ಎಂದು ಐದು ಜನರ ಮಧ್ಯಕ್ಕೆ ಕರೆತಂದು ಕೂರಿಸಿದರು. ಅವನಿಗೆ ಬೆನ್ನಿಗೆ ಗೋಡೆ ಇಲ್ಲದೆ ಹೇಗೋ ಆಯಿತು.

ಶ್ರುತಿ ಮೊದಲು ಎದ್ದಿತು. ಅದರ ಮೇಲೆ ಪಿಟೀಲು, ಅದರ ಮೇಲೆ ಕೊಳಲು, ಆಮೇಲೆ ಖಂಜಿರ, ಕೊನೆಗೆ ಅಮೂಲ್ಯಳ ವೀಣೆ. ಅದೇ ತುಂಡು ಸುತ್ತಿ ಸುತ್ತಿ ಬರತೊಡಗಿತು. ಸ್ವಲ್ಪ ಹೊತ್ತಿಗೆ ಎಂದಿನಂತೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಶ್ರುತಿ ನಿಲ್ಲಲಿಲ್ಲ. ಮೇಡಂ ಮುಖದಲ್ಲಿ ನೆಮ್ಮದಿ ಮೂಡಿದ್ದನ್ನು ಅಂಕಮ್ಮ ಮೂಲೆಯಿಂದಲೇ ಕಂಡಳು. ಬದುಕಿದೆವು ಎಂದು ಅವಳೂ ಸೆರಗು ಸಡಿಲಿಸಿದಳು.

ಚಲುವಯ್ಯನಿಗೆ ಅದ್ಯಾವುದೂ ಗೊತ್ತಾಗಲಿಲ್ಲ. ನಿದ್ದೆ ಕಣ್ಣಿನ ಹಿಂದೆಯೇ ಕೂತಿತ್ತು. ಭುಜದಲ್ಲಿ ಎದ್ದ ನೋವು ಮೊಣಕೈಗೆ ಇಳಿದು, ಅಲ್ಲಿಂದ ಬೆರಳಿಗೆ ಬಂತು. ಇನ್ನು ಆಗುವುದಿಲ್ಲ ಅನ್ನಿಸಿತು. ಆದರೂ ಕೈ ತೆರೆಯಿತು, ಮುಚ್ಚಿತು, ತೆರೆಯಿತು. ಅವನು ಮಗಳ ಬಲಗೈಯೊಂದನ್ನೇ ನೋಡುತ್ತ ಕೂತ. ಆ ಕೈ ಇರುವ ತನಕ ನನ್ನ ಕೈ ಇರಬೇಕು, ಅಷ್ಟೇ ತಾನೆ ಎಂದುಕೊಂಡ.

ಮೊದಲು ಖಂಜಿರ ನಿಂತಿತು. ಒಂದು ಪಿಟೀಲು ನಿಂತಿತು. ಕೊಳಲು ತುಂಡಿನ ಒಂದೊಂದೇ ಸ್ವರ ಬಿಡುತ್ತ ಬರೀ ಉಸಿರಾಗಿ ಮುಗಿಯಿತು. ಇನ್ನೊಂದು ಪಿಟೀಲೂ ಹೋಯಿತು. ವೀಣೆ ಒಂದೇ ಉಳಿದು, ಅದೂ ನಿಧಾನವಾಗಿ, ಕೊನೆಗೆ ಒಂದು ತಂತಿಯನ್ನು ಮೀಟಿ ಬಿಟ್ಟಿತು. ಅಮೂಲ್ಯ ಮೇಡಂ ಹೇಳಿಕೊಟ್ಟಂತೆ ತಂತಿಯ ಮೇಲೆ ಕೈ ಇಟ್ಟುಕೊಂಡೇ ಕೂತಳು. ಆರಬೇಕಿದ್ದ ತಂತಿ ಆರಿದ್ದು ಯಾರಿಗೂ ಕೇಳಲಿಲ್ಲ, ಶ್ರುತಿ ಹೋಗುತ್ತಲೇ ಇತ್ತು.

ಅಪ್ಪ ಈಗ ನಿಲ್ಲಿಸುತ್ತಾನೆ ಎಂದು ಅವಳು ಕಾದಳು. ಅವನು ಅವಳ ಕೈ ನೋಡಿದ. ಕೈ ಇನ್ನೂ ತಂತಿಯ ಮೇಲಿದೆ, ಅಂದರೆ ಮಗಳದು ಇನ್ನೂ ಮುಗಿದಿಲ್ಲ. ಅವನೂ ಕಾದ. ಅವಳು ಅಲ್ಲಾಡುವ ಹಾಗಿಲ್ಲ, ಅವನು ನಿಲ್ಲಿಸುವ ಹಾಗಿಲ್ಲ. ಪರೀಕ್ಷಕರು ಮೊದಲು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಕಣ್ಣು ತೆರೆದರು. ಆಮೇಲೆ ಮೇಡಂ ಕಡೆ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಯಾರೋ ಕಿಸಕ್ಕೆಂದರು. ದೀಪು ಕೊಳಲು ಹಿಡಿದುಕೊಂಡು ತಲೆ ತಗ್ಗಿಸಿದ. ಹುಟ್ಟಿದ ಮೇಲೆ ಮೊದಲ ಸಲ ಒಂದು ಸಭೆಯ ಜನವೆಲ್ಲ ಚಲುವಯ್ಯನನ್ನು ತಿರುಗಿ ನೋಡುತ್ತಿತ್ತು. ಅವನ ಕುತ್ತಿಗೆಯ ನರ ಉಬ್ಬಿತ್ತು. ಪಂಚೆಯ ಮೇಲೆ ಬೆವರು ತೊಟ್ಟಿಕ್ಕುತ್ತಿತ್ತು. ಏನೋ ತಪ್ಪಾಗಿದೆ ಎಂದು ಅವನಿಗೂ ತಿಳಿಯಿತು. ತಪ್ಪು ಯಾವುದು ಎಂದು ತಿಳಿಯದೆ, ತನಗೆ ಗೊತ್ತಿದ್ದ ಒಂದೇ ಸರಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

ಅಮೂಲ್ಯಳಿಗೆ ಮೊದಲು ಸಿಟ್ಟು ಬಂತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕನಕಪುರದ ಕೆಲಸ ಕಣ್ಣೆದುರೇ ಜಾರಿ ಹೋಗುತ್ತಿದೆ ಎನ್ನಿಸಿತು. ಕಣ್ಸನ್ನೆ ಮಾಡಿದಳು. ಅವನು ಅವಳ ಕಣ್ಣು ನೋಡಲಿಲ್ಲ. ಅವನು ಕೈಯನ್ನೇ ನೋಡುತ್ತಿದ್ದ, ನಾಯಿ ಯಜಮಾನನ ಕೈ ನೋಡುವ ಹಾಗೆ. ಆಗ ಅವಳಿಗೆ ಮಾಗಡಿಯ ಮದುವೆ ನೆನಪಾಯಿತು. ಖಾಲಿ ಚಾಪೆಯ ಮುಂದೆ ಒಬ್ಬನೇ ಕೂತು ಒತ್ತುತ್ತಿದ್ದವನ ಕತೆ. ಅದನ್ನು ಕೇಳಿ ಎಷ್ಟು ನಕ್ಕಿದ್ದೆ ಎಂದು ನೆನಪಾಗಿ ಅವಳ ಸಿಟ್ಟು ಅಲ್ಲೇ ಇಳಿಯಿತು. ತಂತಿಯ ಮೇಲಿನ ಕೈ ತೆಗೆದಳು. ಎರಡೂ ಕೈಯಿಂದ ವೀಣೆಯ ಕೊಡವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಶ್ರುತಿ ನಿಂತಿತು. ಪೆಟ್ಟಿಗೆಯೊಳಗೆ ಉಳಿದಿದ್ದ ಗಾಳಿ ಸಣ್ಣಗೆ ಹೊರಕ್ಕೆ ಹೋಯಿತು.

ಯಾರೋ ಚಪ್ಪಾಳೆ ಹೊಡೆದರು, ಅದರ ಹಿಂದೆ ಮಿಕ್ಕವರೂ ಹೊಡೆದರು. ಪರೀಕ್ಷಕರು, "ಪ್ರಯತ್ನ ಚೆನ್ನಾಗಿದೆ. ಮುಕ್ತಾಯ ಸ್ವಲ್ಪ ಹದ ತಪ್ಪಿತು" ಎಂದು ಬರೆದುಕೊಂಡರು. ಮೇಡಂ ಚಲುವಯ್ಯನ ಬಳಿ ಬಂದು "ಪರವಾಗಿಲ್ಲ ಬಿಡಿ" ಎಂದರು. ಪರವಾಗಿಲ್ಲ ಎನ್ನುವ ಮುಖ ಅದಾಗಿರಲಿಲ್ಲ, ಆದರೆ ಹೇಳುವ ದೊಡ್ಡತನ ತೋರಿಸಿದರು. ಫಲಿತಾಂಶ ಬಂದಾಗ ಅಮೂಲ್ಯಳಿಗೆ ಸೆಕೆಂಡ್ ಕ್ಲಾಸ್. ಕನಕಪುರದವರು ಬೇರೆ ಯಾರನ್ನೋ ತೆಗೆದುಕೊಂಡರು. ಅಂಕ ಹೋದದ್ದು ಮುಕ್ತಾಯಕ್ಕೋ ಮೌಖಿಕ ಪರೀಕ್ಷೆಯ ಪ್ರಶ್ನೆಗಳಿಗೋ ಯಾರಿಗೂ ಗೊತ್ತಾಗಲಿಲ್ಲ. ಅವಳು ಆಮೇಲೆ ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿಯೊಂದರ ಮಹಡಿಯಲ್ಲಿ ಮಕ್ಕಳಿಗೆ ಪಾಠ ಹೇಳಲು ಶುರುಮಾಡಿದಳು, ಚಲುವಯ್ಯ ಬೆಲ್ಟಿನ ಮುಂದೆ ಇನ್ನೂ ಕೆಲವು ವರ್ಷ ನಿಂತ. ಅದೆಲ್ಲ ಮುಂದಿನ ಮಾತು. ಆ ಸಂಜೆ ಮೂವರಿಗೂ ಗೊತ್ತಿದ್ದದ್ದು ಏನೋ ಕೆಟ್ಟಿದೆ ಅನ್ನುವುದಷ್ಟೇ.

ಊರಿಗೆ ಹೋಗುವ ಚನ್ನಪಟ್ಟಣದ ಬಸ್ಸು ತುಂಬಿತ್ತು. ಅಂಕಮ್ಮನಿಗೆ ಮುಂದೆ ಸೀಟು ಸಿಕ್ಕಿತು. ಅಪ್ಪ ಮಗಳು ಹಿಂದೆ ಕೂತರು. ಪೆಟ್ಟಿಗೆಯನ್ನು ಅವನ ಮಡಿಲಿಂದ ಅವಳು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬಸ್ಸು ರಾಮನಗರ ದಾಟಿದ ಮೇಲೆ ಅವನು ಕೇಳಿದ.

"ನನ್ನಿಂದ ಕೆಟ್ಟೋಯ್ತಾ ಅವ್ವ?"

"ಒಸಿ ಕೆಡ್ತು" ಎಂದಳು. ಸುಳ್ಳು ಹೇಳಲು ಅವಳಿಗೂ ಬರುತ್ತಿರಲಿಲ್ಲ. ಆಮೇಲೆ, "ನಾನೂ ನಿಂಗೆ ಬುಡ್ಸಿ ಹೇಳ್ಬೇಕಿತ್ತು. ಹೊಳೀನೇ ಇಲ್ಲ" ಎಂದಳು.

"ನೀನು ಕಣ್ಗೊತ್ಕತೀಯ ಅಂತ ಕಾಯ್ತಾನೆ ಇದ್ದೆ."

"ಕೈ ನೋಯ್ತಿರ್ನಿಲ್ವಾ?"

"ನೋಯ್ತಿತ್ತು."

"ಮತ್ತೆ ನಿಲ್ಸೋದಲ್ವಾ ಅಪ್ಪ. ಮೇಡಂ ಹೇಳಿದ್ರಲ್ಲ, ಸಾಕು ಅನ್ನಿಸ್ದಾಗ ನಿಲ್ಸಿ ಅಂತ."

ಚಲುವಯ್ಯ ಕಿಟಕಿಯ ಆಚೆ ನೋಡಿದ. ರಸ್ತೆಯ ಪಕ್ಕದಲ್ಲಿ ಇನ್ನೊಂದು ಹೊಸ ಕಾಂಪೌಂಡು ಏಳುತ್ತಿತ್ತು.

"ಸಾಕು ಅನ್ನಿಸಿ ಬೋ ವರ್ಸ ಆಯ್ತು ಕಣವ್ವ" ಎಂದ. "ಅನ್ನಿಸ್ತು ಅಂತ ನಿಲ್ಸಕಾಯ್ತದಾ?"

ಅವಳು ತಿರುಗುವಷ್ಟರಲ್ಲಿ ಅವನು ನಿದ್ದೆ ಹೋಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು, ತಲೆ ಕಿಟಕಿಯ ಸರಳಿಗೆ ಕುಟ್ಟುತ್ತಿತ್ತು. ಅವಳು ಅದನ್ನು ಎಳೆದು ತನ್ನ ಹೆಗಲಿಗೆ ಒರಗಿಸಿಕೊಂಡಳು. ಆಗ ಅವನ ಬಲಗೈ ಕಣ್ಣಿಗೆ ಬಿತ್ತು. ಖಾಲಿ ಮಡಿಲ ಮೇಲೆ ಅದು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ತೆರೆಯುತ್ತಿತ್ತು. ನಿದ್ದೆಯಲ್ಲೂ ಅವನು ಒತ್ತುತ್ತಿದ್ದ.

ಅಮೂಲ್ಯ ಸುತ್ತ ಯಾರು ನೋಡುತ್ತಾರೆ ಎಂದು ನೋಡಲಿಲ್ಲ. ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡಳು. "ಸಾಕಪ್ಪ" ಎಂದಳು. ಕೈ ಅವಳ ರೆಪ್ಪೆಯ ಮೇಲೆ ಇನ್ನೊಂದು ಸಲ ಮೆಲ್ಲಗೆ ಮುಚ್ಚಿಕೊಂಡು, ಆಮೇಲೆ ನಿಂತಿತು.